ಕಂದೀಲಿನ ಮೊಳೆ

ಬೇಸಿಗೆ ಬಂತೆಂದರೆ ನಮ್ಮ ಕಡೆಯ ಹೆಂಗಸರು ಪತ್ರಿಕೆ ಬಿಡಿಸಿದ ಕೂಡಲೇ ಜಲಾಶಯಗಳ ನೀರಿನ ಮಟ್ಟ ಹುಡುಕುತ್ತಿದ್ದ ಕಾಲವೊಂದಿತ್ತು. ಒಂದು ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ, ಲಿಂಗನಮಕ್ಕಿ ಗರಿಷ್ಠ ಮಟ್ಟ 1819 ಅಡಿ, ಭದ್ರಾ 186 ಅಡಿ ಎಂದಿರುತ್ತಿತ್ತು. ಪಕ್ಕದಲ್ಲಿ ಆ ದಿನದ ಮಟ್ಟ. ಶಾಲೆಯ ಕಟ್ಟೆ ಹತ್ತದ ನನ್ನ ಅತ್ತೆಗೂ ಈ ಎರಡು ಸಂಖ್ಯೆಗಳು ಬಾಯಿಪಾಠ. "ಭದ್ರೆದು ಗದ್ದೆಯೋರಿಗೆ, ಲಿಂಗನಮಕ್ಕಿದು ನಮಗೆ" ಎಂದು ಅವರು ಪಾಲು ಮಾಡಿಬಿಟ್ಟಿದ್ದರು. ಭದ್ರೆ ತುಂಬಿದರೆ ನಾಲೆಗೆ ನೀರು, ನಾಲೆಗೆ ನೀರು ಬಂದರೆ ದಾವಣಗೆರೆ, ಹರಿಹರದ ಸೀಮೆಯಲ್ಲಿ ಭತ್ತ. ಲಿಂಗನಮಕ್ಕಿ ಇಳಿದರೆ ನಮ್ಮ ಅಡಿಗೆಮನೆಗೆ ಕತ್ತಲೆ. ರಸ್ತೆಯಲ್ಲಿ ಹೋದರೆ ನೂರೈವತ್ತು ಕಿಲೋಮೀಟರಿಗೂ ದೂರದ, ನಮ್ಮ ಬೀದಿಯ ಯಾರೂ ಕಣ್ಣಾರೆ ಕಾಣದ ನೀರು, ನಾವು ದೋಸೆಗೆ ಎಷ್ಟು ಹೊತ್ತಿಗೆ ರುಬ್ಬಬೇಕೆಂಬುದನ್ನು ಗೊತ್ತುಮಾಡುತ್ತಿತ್ತು.

ಈ ನಂಟು ಹೇಗೆ ಬೆಳೆಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ನಮ್ಮ ನಾಡಿನಲ್ಲಿ ಕರೆಂಟು ಮೊದಲು ಹುಟ್ಟಿದ್ದು ಮನೆಗಳಿಗಾಗಿ ಅಲ್ಲವೇ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತೆಗೆದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿಯ ಮೇಲೆ ನಡೆದು ನೇರವಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಕೆಲಸ ಹೂಡಿದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿಯಲಿಲ್ಲ, 1901ರಲ್ಲೇ ತೀರಿಕೊಂಡರು. ಗಣಿಯ ಹೊಟ್ಟೆ ತುಂಬಿದ ಮೇಲೆ 1905ರ ಆಗಸ್ಟಿನಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂತು. ಮೊದಲು ಗಣಿ, ಆಮೇಲೆ ಬೀದಿ, ಆಮೇಲೆ ಕಾರ್ಖಾನೆ, ಅದಾದ ಮೇಲೆ ದೊಡ್ಡವರ ಪಡಸಾಲೆ. ಅಡಿಗೆಮನೆಯ ಸರದಿ ಎಲ್ಲಕ್ಕಿಂತ ಕೊನೆಗೆ. ಮದುವೆ ಮನೆಯಲ್ಲಿ ಬಡಿಸಿದವರು ಕೊನೆಯ ಪಂಕ್ತಿಗೆ ಕೂರುವುದನ್ನು ಕಂಡ ನಮಗೆ ಇದು ಹೊಸ ವಿಷಯವೇನಲ್ಲ.

ನಮ್ಮ ಸೀಮೆಗೆ ಕರೆಂಟಿನ ದೊಡ್ಡ ತೊಟ್ಟಿಲು ಶರಾವತಿ. 1948ರಲ್ಲಿ ಜೋಗದ ವಿದ್ಯುತ್ ಕೇಂದ್ರ ಶುರುವಾಯಿತು. ಮಹಾತ್ಮಾ ಗಾಂಧಿಯವರ ಹೆಸರಿನದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಎದ್ದಿತು. ಅದರ ಕೆಳಗೆ ಒಂದೊಂದಾಗಿ ಹತ್ತು ಯಂತ್ರಗಳು ಕೂತು ಒಟ್ಟು 1035 ಮೆಗಾವಾಟ್ ತೆಗೆಯುವಂತಾಯಿತು. ನಮ್ಮ ಬಲ್ಬು ಉರಿಯಲಿಕ್ಕೆ ಅಲ್ಲಿ ಎಷ್ಟೋ ಊರುಗಳ ಒಲೆ ನೀರಿನಲ್ಲಿ ಮುಳುಗಿದವು. ಅಡಿಕೆ ತೋಟ, ಗದ್ದೆ, ತುಳಸಿಕಟ್ಟೆ ಬಿಟ್ಟು ಗಾಡಿ ಹತ್ತಿದ ಹೆಂಗಸರ ಸಂಗತಿ ನಮ್ಮ ಊರಿನ ಯಾವ ಮನೆಯಲ್ಲೂ ಮಾತಿಗೆ ಬಂದದ್ದನ್ನು ನಾನು ಕೇಳಿಲ್ಲ. ಹಿನ್ನೀರಿನಾಚೆ ಉಳಿದ ತುಮರಿ ಕಡೆಯವರು ಲಾಂಚಿನಲ್ಲೇ ಓಡಾಡಿ ಓಡಾಡಿ, ಅವರಿಗೊಂದು ಸೇತುವೆ ಆದದ್ದು 2025ರ ಜುಲೈನಲ್ಲಿ. ನಮ್ಮಲ್ಲಿ ಎರಡು ಗಂಟೆ ಕರೆಂಟು ಹೋದರೆ ಎಷ್ಟು ಗೊಣಗುತ್ತಿದ್ದೆವು ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕೆಂದು ಈಗ ಅನಿಸುತ್ತದೆ.

ನಾನು ಹುಟ್ಟಿದ್ದು ಹರಿಹರದಲ್ಲಿ, ಕೊಟ್ಟದ್ದು ದಾವಣಗೆರೆಗೆ. ನಡುವೆ ಹದಿನಾಲ್ಕೇ ಕಿಲೋಮೀಟರು. ಆದರೆ ಕರೆಂಟಿನ ವಿಷಯದಲ್ಲಿ ಎರಡೂ ಬೇರೆ ಬೇರೆ ಲೋಕ. ಹರಿಹರ ಕಾರ್ಖಾನೆಯ ಊರು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಬಂದು ಲೇತು ಯಂತ್ರಗಳನ್ನು ಮಾಡತೊಡಗಿದ ಮೇಲೆ ಊರಿನ ಗಂಡಸರ ಊಟ ನಿದ್ದೆಗಳು ಶಿಫ್ಟಿಗೆ ತಕ್ಕಂತೆ ಬದಲಾದವು. ಅಂಥ ಊರಿನಲ್ಲೂ ನನ್ನ ತವರಿನ ಓಣಿಯ ಮನೆಗಳಲ್ಲಿ ಬಹಳ ಕಾಲ ಇದ್ದದ್ದು ಒಂದೊಂದೇ ಬಲ್ಬು. ಅದನ್ನು ಎಲ್ಲಿ ಹಾಕಿಸುತ್ತಿದ್ದರು ಗೊತ್ತೇ? ನಡುಮನೆಗೂ ಅಡಿಗೆಮನೆಗೂ ನಡುವಿನ ಗೋಡೆಯಲ್ಲಿ ಒಂದು ಚೌಕ ಕಿಂಡಿ ಕೊರೆದು, ಆ ಕಿಂಡಿಯಲ್ಲಿ. ನಲವತ್ತು ಕ್ಯಾಂಡಲಿನ ಆ ಬಲ್ಬು ಈ ಕಡೆ ಅಪ್ಪನ ಲೆಕ್ಕದ ಪುಸ್ತಕಕ್ಕೂ ಆ ಕಡೆ ಅವ್ವನ ರೊಟ್ಟಿಗೂ ಬೆಳಕು ಹಂಚಬೇಕು. ಹೊಗೆ ಮಾತ್ರ ಅವ್ವನ ಕಡೆಯಿಂದಲೇ ಬರುತ್ತಿದ್ದುದರಿಂದ ಬಲ್ಬಿನ ಅರ್ಧ ಭಾಗಕ್ಕೆ ಮಸಿ ಹಿಡಿದು, ಅಡಿಗೆಮನೆಗೆ ಸಿಗುತ್ತಿದ್ದುದು ಕಂದು ಬಣ್ಣದ ಬೆಳಕು.

ಆದ್ದರಿಂದ ಕಂದೀಲು ಎಲ್ಲೂ ಹೋಗಲಿಲ್ಲ. ಪಡಸಾಲೆಯ ಕಂಬಕ್ಕೆ ಅದಕ್ಕೆಂದೇ ಒಂದು ಮೊಳೆ ಇತ್ತು, ಅಡಿಗೆಮನೆಯ ಗೂಡಿನಲ್ಲಿ ಚಿಮಣಿ ಬುಡ್ಡಿ. ಸಂಜೆ ನಾಲ್ಕಕ್ಕೆ ಕಂದೀಲನ್ನು ಇಳಿಸಿ, ಗಾಜಿನೊಳಗೆ ಒಣ ಬೂದಿ ಉದುರಿಸಿ, ಹಳೆ ಧೋತರದ ತುಂಡಿನಿಂದ ಒರೆಸಬೇಕು. ನೀರು ಮುಟ್ಟಿಸಿ ಒಣಗುವ ಮೊದಲೇ ಹಚ್ಚಿದರೆ ಗಾಜು ಟಳ್ಳನೆ ಸೀಳುತ್ತದೆ. ಬತ್ತಿಯನ್ನು ಕತ್ತರಿಯಿಂದ ನೇರವಾಗಿ ಕತ್ತರಿಸಿ ಎರಡು ಮೂಲೆ ಮಾತ್ರ ಚೂರು ಮೊಂಡು ಮಾಡಬೇಕು; ಇಲ್ಲವಾದರೆ ಉರಿಗೆ ಕೊಂಬು ಬಂದು ಗಾಜೆಲ್ಲ ಕಪ್ಪು. ಕೈ ಸಣ್ಣದಿರುವವರೇ ಗಾಜಿನೊಳಗೆ ಕೈ ಹಾಕಬಲ್ಲರು. ಹಾಗಾಗಿ ಈ ಕೆಲಸ ಮನೆಯ ಹೆಣ್ಣುಮಕ್ಕಳದು. ಗಂಡು ಹುಡುಗರ ಕೈಯೂ ಸಣ್ಣದೇ ಇರುತ್ತದಲ್ಲ ಎಂದು ಯಾರೂ ಕೇಳುತ್ತಿರಲಿಲ್ಲ. ಬೆಳಕು ಮಾಡುವುದು ಆಗ ಒಂದು ಕೆಲಸ. ಕಸ, ಮುಸುರೆ, ಬಟ್ಟೆಯ ಹಾಗೆ ದಿನವೂ ಮಾಡಬೇಕಾದ ಕೆಲಸ.

ಕರೆಂಟು ನಮ್ಮಿಂದ ನಿಜವಾಗಿ ಕಿತ್ತುಕೊಂಡ ಭಾರ ಕತ್ತಲೆಯದಲ್ಲ, ಕಲ್ಲಿನದು. ಬೀಸೋಕಲ್ಲು, ಒರಳುಕಲ್ಲು. ನನ್ನ ಅಜ್ಜಿ ನಸುಕಿನಲ್ಲಿ ಎದ್ದು ಜೋಳ ಬೀಸುತ್ತಿದ್ದವಳು. ಹಿಟ್ಟಿನ ಗಿರಣಿ ಬಂದು ಅವಳ ರಟ್ಟೆಗೆ ಬಿಡುವು ಸಿಕ್ಕಿತು. ಆಮೇಲೆ ಮಿಕ್ಸಿ, ಗ್ರೈಂಡರು, ಸಂಪಿನ ಮೋಟಾರು ಒಂದೊಂದಾಗಿ ಮನೆ ಹೊಕ್ಕವು. ಹೊಸ ಮನೆ ಕಟ್ಟಿಸಿದವರು ಒರಳನ್ನು ಹಿತ್ತಿಲಿಗೆ ಸಾಗಿಸಿದರು, ಬೀಸೋಕಲ್ಲನ್ನು ಮಾರಿದರು. ಹೀಗೆ ಕಲ್ಲುಗಳೆಲ್ಲ ಹೊರಟುಹೋದ ಮೇಲೆ ಕರೆಂಟು ಹೋಗತೊಡಗಿದ್ದು ನಮ್ಮ ಕಾಲದ ಹೆಂಗಸರ ಪಾಡು.

ಕಾರಣ ಗುಟ್ಟೇನಲ್ಲ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲಿನ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಅಲ್ಲಿಯವರೆಗೆ ಕರ್ನಾಟಕದ ಸ್ವಂತ ಕರೆಂಟೆಂದರೆ ಹೆಚ್ಚುಕಡಿಮೆ ಎಲ್ಲವೂ ನೀರಿನದೇ. ಮಳೆ ಕೈಕೊಟ್ಟ ವರ್ಷ ಹೊಲಕ್ಕೂ ಬರ, ಬಲ್ಬಿಗೂ ಬರ. ಇತ್ತ ಪಂಪ್‌ಸೆಟ್ಟುಗಳು, ಕಾರ್ಖಾನೆಗಳು, ನಮ್ಮ ಮಿಕ್ಸಿಗಳು ಏರುತ್ತಲೇ ಇದ್ದವು. ಎಂಬತ್ತರ ದಶಕದ ಬರಗಾಲದಲ್ಲಿ ಶುರುವಾದ ಗೋಳು ತೊಂಬತ್ತರ ದಶಕದುದ್ದಕ್ಕೂ ನಡೆಯಿತು. ಲೋಡ್ ಶೆಡ್ಡಿಂಗ್ ಎಂಬ ಮಾತು ನಮ್ಮ ಹೂವಾಡಗಿತ್ತಿಯ ಬಾಯಲ್ಲೂ ಸಲೀಸಾಗಿ ಹೊರಳುವಂತಾಯಿತು. ಇನ್ನೊಂದು ತಮಾಷೆ ನೋಡಿ, ನಮ್ಮ ಜನ "ಕರೆಂಟು ಹೋತು" ಎನ್ನುವುದಕ್ಕಿಂತ "ಕರೆಂಟು ತೆಗೆದ್ರು" ಎನ್ನುವುದೇ ಹೆಚ್ಚು. ಯಾರು ತೆಗೆದರು? ಹೆಸರಿಲ್ಲ, ಮುಖವಿಲ್ಲ, ಆದರೆ ಬಹುವಚನದ ಮರ್ಯಾದೆ ಮಾತ್ರ ಇದೆ!

ತೆಗೆದವರು ಕೊಡುವ ಹೊತ್ತೂ ವಿಚಿತ್ರ. ಹಗಲೆಲ್ಲ ತೆಗೆದು, ಊರು ಮಲಗಿದ ಮೇಲೆ ಕೊಡುವರು. ಮಧ್ಯರಾತ್ರಿ ಪಕ್ಕದ ಮನೆಯಲ್ಲಿ ಗ್ರೈಂಡರು ಗುರ್ ಎಂದರೆ ನಮ್ಮ ಮನೆಯಲ್ಲೂ ಎದ್ದೆವೆಂದೇ ಅರ್ಥ. ಮೂರು ಗಂಟೆಗೆ ಮೋಟಾರು ಹಾಕಿ, ತೊಟ್ಟಿ ತುಂಬಿಸಿ, ಅಕ್ಕಿ ಉದ್ದು ರುಬ್ಬಿ, ಮಾರನೆ ದಿನದ ಬಟ್ಟೆಗೆ ಇಸ್ತ್ರಿ ಮಾಡಿ, ಮತ್ತೆ ಮಲಗುವಷ್ಟರಲ್ಲಿ ಹಾಲಿನವನು ಬಾಗಿಲು ಬಡಿಯುವನು. ಆ ವರ್ಷಗಳ ಕೊರತೆಯನ್ನು ಮೆಗಾವಾಟಿನಲ್ಲಿ, ಯೂನಿಟ್ಟಿನಲ್ಲಿ ಬರೆದಿಟ್ಟಿದ್ದಾರೆ. ಹೆಂಗಸರು ಕಳೆದುಕೊಂಡ ನಿದ್ದೆಗೆ ಮೀಟರು ಯಾರೂ ಹಾಕಲಿಲ್ಲ.

ಎಲ್ಲಕ್ಕಿಂತ ಕಷ್ಟ ಮಾರ್ಚ್, ಏಪ್ರಿಲ್. ಲಿಂಗನಮಕ್ಕಿ ಇಳಿಯುವುದೂ ಪರೀಕ್ಷೆ ಬರುವುದೂ ಒಂದೇ ಹೊತ್ತಿಗೆ. ಒಂದು ಕಂದೀಲು, ಮೂರು ಕಡೆಯಿಂದ ಎಳೆದಾಟ. ಎಸ್ಸೆಸ್ಸೆಲ್ಸಿಗೆ ಕೂತ ಹುಡುಗ ಇದ್ದರೆ ಕಂದೀಲು ಅವನ ಮುಂದೆ, ಅದು ಕಾನೂನು. ಹುಡುಗಿ ಇದ್ದರೆ ಅವಳು ಅಡಿಗೆಮನೆಯ ಬುಡ್ಡಿ ದೀಪದಲ್ಲಿ ಓದಬೇಕು, ನಡುನಡುವೆ ಒಲೆಯ ಮೇಲಿನ ಅನ್ನ ನೋಡಬೇಕು. ನಮ್ಮ ಮನೆಯಲ್ಲಿ ಹಾಗಾಗದ ಹಾಗೆ ನೋಡಿಕೊಂಡವರು, ನೀವು ನಂಬಬೇಕು, ನನ್ನ ಅತ್ತೆ. ಮೊಮ್ಮಗಳ ಪರೀಕ್ಷೆಯ ವರ್ಷ ಯುಗಾದಿಗೆ ತಮಗೆ ತರುವ ಸೀರೆ ಬೇಡವೆಂದು, ಆ ದುಡ್ಡಿನಲ್ಲಿ ಎರಡನೆಯ ಕಂದೀಲು ತರಿಸಿದರು. ಕಂಬದ ಹಳೆಯ ಮೊಳೆಯ ಪಕ್ಕದಲ್ಲೇ ಇನ್ನೊಂದು ಮೊಳೆ ಹೊಡೆಸಿ, "ಇದು ಹುಡುಗಿದು, ಯಾರೂ ಮುಟ್ಟಬ್ಯಾಡ್ರಿ" ಎಂದರು. ಗಂಡು ಮಕ್ಕಳೆದುರು ಎಂದೂ ದನಿ ಎತ್ತದಿದ್ದ ಹೆಂಗಸು.

ಇನ್ನು ನೀರು. ದಾವಣಗೆರೆಗೆ ಹೊಳೆಯಿಲ್ಲ. ಹರಿಹರದ ಹತ್ತಿರದ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಮೇಲೆತ್ತಿ ಊರಿಗೆ ತಳ್ಳಬೇಕು. ಜೊತೆಗೆ ಭದ್ರಾ ನಾಲೆಯ ನೀರನ್ನು ಕುಂದವಾಡ ಕೆರೆಯಲ್ಲಿ ತುಂಬಿಟ್ಟುಕೊಳ್ಳಬೇಕು. ಎತ್ತುವುದಕ್ಕೂ ತಳ್ಳುವುದಕ್ಕೂ ಕರೆಂಟೇ ಬೇಕು. ಹಾಗಾಗಿ ರಾಜನಹಳ್ಳಿಯಲ್ಲಿ ಒಂದು ದಿನ ಕರೆಂಟಿಲ್ಲವೆಂದರೆ ನಮ್ಮ ನಲ್ಲಿ ಎರಡು ಮೂರು ದಿನ ಬುಸುಗುಡುವುದು. ಹರಿಹರದಲ್ಲಿ ನನ್ನ ಅವ್ವ ಇಂಥ ದಿನ ಕೊಡ ಸೊಂಟಕ್ಕಿಟ್ಟು ಹೊಳೆಗೆ ಹೋಗಿಬಿಡುತ್ತಿದ್ದಳು. ಹರಿಹರೇಶ್ವರನ ಗುಡಿಯ ಹಿಂದೆ ಹೊಳೆ. ನಾನು ಮದುವೆಯಾಗಿ ಬಂದ ಮೇಲೆ ಕಲಿತ ಮೊದಲ ಪಾಠವೆಂದರೆ ದಾವಣಗೆರೆಯಲ್ಲಿ ಕರೆಂಟು ಹೋದರೆ ಮೊದಲು ಹುಡುಕಬೇಕಾದ್ದು ಬೆಂಕಿಪೊಟ್ಟಣವನ್ನಲ್ಲ, ಬಕೆಟನ್ನು. ತೊಟ್ಟಿಯಲ್ಲಿ ಉಳಿದ ನೀರನ್ನು ಆಗಲೇ ಪಾಲು ಮಾಡಬೇಕು: ಕುಡಿಯಲು ತಾಮ್ರದ ಹಂಡೆ, ಅಡಿಗೆಗೆ ಎರಡು ಕೊಡ, ಅಕ್ಕಿ ತೊಳೆದದ್ದು ಮುಸುರೆಗೆ, ಮುಸುರೆಯದ್ದು ಪಾಯಿಖಾನೆಗೆ. ಬೆಂಕಿ ಬಿದ್ದಾಗ ಬಾವಿ ತೋಡುವವರಿಗೆ ನಮ್ಮ ಊರು ಹೇಳಿಸಿದ್ದಲ್ಲ.

ಊಟದ ಚಿಂತೆ ಮಾತ್ರ ನಮ್ಮ ಊರಿಗೆ ಇರಲಿಲ್ಲ. ಮಂಡಕ್ಕಿ ಭಟ್ಟಿಗಳಿರುವ ಊರು ಇದು. ಚೀಲ ಮಂಡಕ್ಕಿ, ಡಬ್ಬಿ ತುಂಬ ಶೇಂಗಾ ಪುಡಿ, ಗುರೆಳ್ಳು ಪುಡಿ, ಒಂದು ಅಡ್ಡ ಖಡಕ್ ರೊಟ್ಟಿ ಇದ್ದರೆ ವಾರ ಕರೆಂಟಿಲ್ಲದಿದ್ದರೂ ಮನೆ ನಡೆಯುತ್ತದೆ. ಮಿಕ್ಸಿ ಬೇಡ, ಫ್ರಿಜ್ಜು ಬೇಡ. ಈರುಳ್ಳಿ ಹೆಚ್ಚಿ, ಒಗ್ಗರಣೆ ಹಾಕಿ ಕಲಸಿದರೆ ಮಕ್ಕಳಿಗೆ ಅದೊಂದು ಹಬ್ಬ. ಕರೆಂಟು ಹೋದರೆ ಮಂಡಕ್ಕಿ ಎಂಬ ನಂಬಿಕೆಯಲ್ಲಿ ನಮ್ಮ ಮಕ್ಕಳು ದೀಪ ಆರಿದಾಗಲೆಲ್ಲ ಚಪ್ಪಾಳೆ ತಟ್ಟುತ್ತಿದ್ದರು.

ಕಷ್ಟ ಬೇರೆ ದಾರಿಯಿಂದ ಬಂತು. ಅತ್ತೆಗೆ ಸಕ್ಕರೆ ಕಾಯಿಲೆ ಹೆಚ್ಚಾಗಿ ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಬೇಕಾಗಿತ್ತು. ಔಷಧಿ ಫ್ರಿಜ್ಜಿನಲ್ಲಿ. 2003ರ ಮೇ ತಿಂಗಳಲ್ಲಿ ಒಂದು ಸಂಜೆ ಅಡ್ಡಮಳೆ ಬಂತು. ಮಳೆಗಿಂತ ಗಾಳಿ ಜೋರು. ನಮ್ಮ ಬೀದಿಯ ಬೇವಿನಮರ ತಂತಿಯ ಮೇಲೆ ಬಿದ್ದು ಎರಡು ಕಂಬ ಮುರಿದವು. ರಾತ್ರಿ ಕಳೆಯಿತು, ಮಾರನೆ ದಿನವೂ ಕರೆಂಟಿಲ್ಲ. ಫ್ರಿಜ್ಜಿನ ಬಾಗಿಲು ತೆಗೆಯದೆ ಇದ್ದರೆ ಒಳಗಿನ ತಂಪು ನಾಲ್ಕು ಗಂಟೆ ನಿಂತೀತು, ಅದೂ ಮುಗಿದಿತ್ತು. ಇಡೀ ಬೀದಿಗೆ ಕತ್ತಲೆಯಾದ್ದರಿಂದ ಪಕ್ಕದ ಮನೆಯ ಫ್ರಿಜ್ಜಿಗೆ ಒಯ್ಯುವಂತೆಯೂ ಇಲ್ಲ. ಮಗ ಐಸ್ ತಂದ. ಐಸಿಗೆ ತಾಗಿಸಿ ಇಟ್ಟರೆ ಇನ್ಸುಲಿನ್ ಹೆಪ್ಪುಗಟ್ಟಿ ಕೆಡುತ್ತದೆ, ಆಮೇಲೆ ಕರಗಿಸಿದರೂ ಬರುವುದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು. ದಾವಣಗೆರೆಯ ಮೇ ತಿಂಗಳ ಸೆಕೆಯಲ್ಲಿ ಹೊರಗಿಡುವಂತಿಲ್ಲ, ಐಸಿನಲ್ಲೂ ಇಡುವಂತಿಲ್ಲ. ತಿಂಗಳಿಗೆಂದು ತಂದ ಔಷಧಿ. ಅದರ ಬೆಲೆ ನಮ್ಮಂಥವರಿಗೆ ಸಣ್ಣದಲ್ಲ.

ನಾನು ಸೀಸೆ ಕೈಯಲ್ಲಿ ಹಿಡಿದು ನಿಂತದ್ದನ್ನು ಅತ್ತೆ ನೋಡುತ್ತಿದ್ದರು. "ಅದಕ್ಕೆ ಬೇಕಾದ್ದು ಏನು, ತಂಪು ತಾನೆ? ಎಲೆ ಇಡೋ ಹಂಗ ಇಡು" ಎಂದರು. ವೀಳ್ಯದೆಲೆ ವಾರವಿದ್ದರೂ ಬಾಡದ ಹಾಗೆ ಇಡುವುದರಲ್ಲಿ ಅವರದು ಎತ್ತಿದ ಕೈ. ಹಿತ್ತಿಲಿನಿಂದ ದೊಡ್ಡದೊಂದು ಮಡಿಕೆ ತರಿಸಿದರು. ಅದರೊಳಗೆ ಮರಳು ಹಾಸಿ ಸಣ್ಣ ಮಡಿಕೆ ಇಡಿಸಿದರು. ಎರಡರ ಸಂದಿಗೂ ಮರಳು ತುಂಬಿ ನೀರು ಚಿಮುಕಿಸಿ, ಮೇಲೆ ಒದ್ದೆ ಗೋಣಿತಾಟು ಮುಚ್ಚಿಸಿದರು. ಸೀಸೆಗೆ ನೀರು ತಾಗದಂತೆ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿ ಮುಚ್ಚಳ ಬಿಗಿದು ಒಳಗಿಟ್ಟೆ. ಗಾಳಿಯಾಡುವ ಹಿಂಬಾಗಿಲ ನೆರಳಿನಲ್ಲಿ ಮಡಿಕೆ ಕೂತಿತು. ಮೂರು ಗಂಟೆಗೊಮ್ಮೆ ಮರಳಿಗೆ ನೀರು. ಮಡಿಕೆಯ ಮೈಯಿಂದ ನೀರು ಆವಿಯಾಗಿ ಹೋಗುವಾಗ ಒಳಗಿನ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ಕುಡಿಯುವ ನೀರಿನ ಮಡಿಕೆಯ ಗುಟ್ಟೂ ಅದೇ. ಫ್ರಿಜ್ಜಿನಷ್ಟು ತಂಪು ಆಗದು, ಆದರೆ ಹೊರಗಿನ ಉರಿ ತಟ್ಟದು. ಕರೆಂಟು ಬಂದದ್ದು ಮೂರನೆಯ ದಿನ ಸಂಜೆ. ಅತ್ತೆಗೆ ಒಂದು ಹೊತ್ತೂ ಸೂಜಿ ತಪ್ಪಲಿಲ್ಲ, ಸಕ್ಕರೆಯೂ ಏರಲಿಲ್ಲ. ಡಾಕ್ಟರು ಕೇಳಿ ನಕ್ಕು, "ಬಳಸುತ್ತಿರುವ ಸೀಸೆಗೆ ಇದು ನಡೀತದೆ, ಆದರೆ ಔಷಧಿ ಮಬ್ಬಾಗಿ ಕಂಡರೆ, ಗಸಿ ಕೂತರೆ ಬಿಸಾಕಿ" ಎಂದು ಒಂದು ಎಚ್ಚರಿಕೆ ಸೇರಿಸಿದರು. ಕೆಲವು ಬಗೆಯ ಇನ್ಸುಲಿನ್ ಹುಟ್ಟಾ ಮಬ್ಬಾಗಿಯೇ ಇರುತ್ತದಾದ್ದರಿಂದ ನಿಮ್ಮದು ಯಾವುದೆಂದು ಮೊದಲೇ ಕೇಳಿಟ್ಟುಕೊಳ್ಳುವುದು ಒಳ್ಳೆಯದು.

ನೈಜೀರಿಯಾ ದೇಶದಲ್ಲಿ ಮೊಹಮ್ಮದ್ ಬಾ ಅಬ್ಬಾ ಎಂಬ ಮೇಷ್ಟರು ಇದೇ ಮಡಿಕೆಯೊಳಗಿನ ಮಡಿಕೆಯನ್ನು ತೊಂಬತ್ತರ ದಶಕದಲ್ಲಿ ಹಳ್ಳಿಹಳ್ಳಿಗೆ ಹಂಚಿ, ತರಕಾರಿ ಕೆಡದಂತೆ ಮಾಡಿ ಜಗತ್ತಿನಲ್ಲೇ ಹೆಸರಾದರೆಂದು ಆಮೇಲೆ ಎಲ್ಲೋ ಓದಿದೆ. ಅತ್ತೆಗೆ ಹೇಳಿದರೆ, "ಅಲ್ಲೂ ಎಲೆ ಅಡಿಕೆ ಹಾಕ್ತಾರೇನು?" ಎಂದು ಕೇಳಿದರು.

ಹೊತ್ತು ಗೊತ್ತಿನ ಕಡಿತ ಈಗ ಮೊದಲಿನಷ್ಟಿಲ್ಲ. ರಾಯಚೂರಿನ ಕಲ್ಲಿದ್ದಲು, ಕೈಗಾದ ಅಣು, ಚಿತ್ರದುರ್ಗದ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರ, ಪಾವಗಡದ ಬಯಲಿನಲ್ಲಿ 2050 ಮೆಗಾವಾಟಿನ ಬಿಸಿಲಿನ ಬೆಳೆ ಎಲ್ಲ ಸೇರಿವೆ. ಆದರೂ ನೀರಿನ ನಂಟು ಬಿಟ್ಟಿಲ್ಲ. 2016ರ ಫೆಬ್ರವರಿಯಲ್ಲಿ ಶರಾವತಿ ವಿದ್ಯುದಾಗಾರಕ್ಕೆ ಬೆಂಕಿ ಬಿದ್ದು ಯಂತ್ರಗಳೆಲ್ಲ ನಿಂತಾಗ ಇಡೀ ರಾಜ್ಯಕ್ಕೆ ಬಿಸಿ ತಟ್ಟಿತು. 2023ರಲ್ಲಿ ಮಳೆ ಕೈಕೊಟ್ಟು, ಅಕ್ಟೋಬರಿನಲ್ಲೇ ಬೇಸಿಗೆಯಂಥ ಕಡಿತ ಬಂತು; ಅದೇ ವರ್ಷ ಜುಲೈನಿಂದ ಗೃಹಜ್ಯೋತಿಯಲ್ಲಿ ಮನೆಗಳಿಗೆ ಬಿಲ್ಲಿಲ್ಲದ ಕರೆಂಟು. ಬಿಲ್ಲು ಇಲ್ಲ, ಕರೆಂಟೂ ಇಲ್ಲ ಎಂದು ಬೀದಿಯ ಕಟ್ಟೆಯ ಮೇಲೆ ನಗೆಯೋ ನಗೆ. 2012ರ ಜುಲೈ 30, 31ರಂದು ಉತ್ತರ ಭಾರತದ ಜಾಲ ಕುಸಿದು ಅರವತ್ತು ಕೋಟಿಗೂ ಹೆಚ್ಚು ಜನರಿರುವ ಸೀಮೆ ಕತ್ತಲಾದಾಗ ನಾವು ದಕ್ಷಿಣದವರು ಪಾರಾಗಿದ್ದೆವು, ಏಕೆಂದರೆ ನಮ್ಮ ಜಾಲ ಆಗ ಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ತಂತಿಯ ಮೂಲಕ ಎರಡೂ ಜಾಲ ಒಂದಾದವು. ಅವಿಭಕ್ತ ಕುಟುಂಬದ ಹಾಗೆ. ಒಬ್ಬರಿಗೆ ಕಡಿಮೆ ಬಿದ್ದರೆ ಇನ್ನೊಬ್ಬರು ಕೊಡುತ್ತಾರೆ, ಒಬ್ಬರು ಮುಗ್ಗರಿಸಿದರೆ ಎಲ್ಲರಿಗೂ ನೋವು.

ಈಗಿನ ಮನೆಗಳಿಗೆ ಇನ್ವರ್ಟರು ಬಂದಿದೆ. ಅದರ ಬ್ಯಾಟರಿಗೆ ಆಗಾಗ ಡಿಸ್ಟಿಲ್ಡ್ ವಾಟರ್ ಹಾಕಬೇಕೆಂಬುದು ಮನೆಯಲ್ಲಿ ಯಾರಿಗಾದರೊಬ್ಬರಿಗೆ ನೆನಪಿರಬೇಕು. ಅದು ಯಾರೆಂದು ಬೇರೆ ಹೇಳಬೇಕಿಲ್ಲ. ಇನ್ವರ್ಟರು ಎಂದರೆ ನಾಲ್ಕು ದೀಪ, ಎರಡು ಫ್ಯಾನು, ಕೆಲವು ಗಂಟೆ. ಗಾಳಿಗೆ ಕಂಬ ಬಿದ್ದ ಊರಿನಲ್ಲಿ ಎರಡನೆಯ ದಿನ ಅದೂ ಮಲಗುತ್ತದೆ. ಜನರೇಟರು ತರಿಸಿದವರು ಅದನ್ನು ಹೊರಗೆ, ಕಿಟಕಿಗಳಿಂದ ದೂರ ಇಡಲಿ. ಮುಚ್ಚಿದ ಜಾಗದಲ್ಲಿ ಅದರ ಹೊಗೆ ವಾಸನೆಯೂ ತಿಳಿಯದಂತೆ ಜೀವ ತೆಗೆದೀತು. ಮೇಣದಬತ್ತಿಯನ್ನು ಸೊಳ್ಳೆಪರದೆಯ ಹತ್ತಿರ ಇಡುವುದನ್ನು ನೋಡಿದರೆ ನನಗೆ ಇಂದಿಗೂ ಎದೆ ಝಲ್ಲೆನ್ನುತ್ತದೆ. ಕರೆಂಟು ಹೋದ ಕೂಡಲೇ ಇಸ್ತ್ರಿಪೆಟ್ಟಿಗೆ, ಗೀಸರು, ಮೋಟಾರು ಎಲ್ಲದರ ಸ್ವಿಚ್ಚು ಆರಿಸಿ ಒಂದು ದೀಪದ್ದು ಮಾತ್ರ ಬಿಡುವುದು ಅತ್ತೆಯ ಕಾಲದಿಂದ ನಮ್ಮ ಮನೆಯ ರೂಢಿ. ಬಂದಾಗ ಆ ದೀಪವೇ ಹೇಳುತ್ತದೆ.

ಸೀಮೆಎಣ್ಣೆ ಈಗ ಸುಲಭಕ್ಕೆ ಸಿಗುವ ವಸ್ತುವಲ್ಲ. ಎರಡು ಕಂದೀಲುಗಳಲ್ಲಿ ಒಂದರ ಗಾಜು ಒಡೆದಿದೆ. ಇನ್ನೊಂದನ್ನು ಮೊಮ್ಮಗಳು ಅಲಂಕಾರಕ್ಕೆಂದು ಬೆಂಗಳೂರಿಗೆ ಒಯ್ದಳು. ಅವಳ ಅಮ್ಮ ಎಸ್ಸೆಸ್ಸೆಲ್ಸಿಗೆ ಓದಿದ ಕಂದೀಲು ಅದೇ. ಒಂದು ಮೊಳೆಗೆ ಟಾರ್ಚು ತೂಗುಹಾಕಿದ್ದೇನೆ, ಇನ್ನೊಂದಕ್ಕೆ ಮಾತ್ರೆ ಚೀಟಿಗಳ ಕೈಚೀಲ. ಕಳೆದ ಬೇಸಿಗೆಯ ಗಾಳಿಮಳೆಯ ರಾತ್ರಿ ಮಹಡಿಯ ಮನೆಯ ಸೊಸೆ ಮೊಬೈಲಿನ ಬೆಳಕಿನಲ್ಲಿ ಮೆಟ್ಟಿಲಿಳಿದು ಬಂದಳು. ಅವರ ಮಾವನಿಗೂ ಇನ್ಸುಲಿನ್.

"ಆಂಟೀ, ನಿಮ್ಮನೇಲಿ ಮಡಿಕೆ ಐತಂತಲ್ಲ, ಕೊಡ್ತೀರಾ?"

"ಕೊಡ್ತೀನಿ, ಆದ್ರೆ ಮರಳು ನೀನೇ ಹುಡುಕಬೇಕು ನೋಡವ್ವಾ" ಎಂದೆ. ಎದುರು ಸೈಟಿನಲ್ಲಿ ಮನೆ ಕಟ್ಟುತ್ತಿದ್ದರು. ಇಬ್ಬರೂ ಒಂದು ಬಕೆಟ್ಟು ಹಿಡಿದು ಹೊರಟೆವು.